ಹೊಸ್ತಿಲಾಚೆ ಇಟ್ಟ ಜೀನು

ಕೂಸವಾಟಿ
ಏಪ್ರಿಲ್ ೧೮೩೮

ನನ್ನ ಮಗಳ ಅಪ್ಪ ಯೋನಾನಿಗೆ,

ಗಂಡನಿಗೆ ಎಂದು ಬರೆಯಲು ಕೈ ಬರಲಿಲ್ಲ. ನಿನ್ನ ಕುದುರೆಯ ಜೀನು, ಕಂಬಳಿ ಎರಡನ್ನೂ ಹೊಸ್ತಿಲಾಚೆ ಇಟ್ಟವಳು ನಾನೇ. ಅಲ್ಲಿಗೆ ನಮ್ಮ ಸಂಸಾರ ಮುಗಿಯಿತೆಂದು ಊರಿಗೆಲ್ಲ ಗೊತ್ತಾಯಿತು. ನೀನು ಕಂಬಳಿ ಮಾತ್ರ ಎತ್ತಿಕೊಂಡು ಹೋದೆ. ಜೀನು ಯಾಕೆ ಬಿಟ್ಟೆಯೋ, ಇಂದಿಗೂ ತಿಳಿಯದು.

ಅಲ್ಲ ಕಣೋ, ಮನೆ ನಿನ್ನದಾಗಿತ್ತಾ? ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದ ಮನೆ. ನೀನು ಮದುವೆಯಾಗಿ ಇದರೊಳಗೆ ಬಂದವನು. ಆ ಬಿಳಿಯ ಅಧಿಕಾರಿ ಮನೆಯ ಯಜಮಾನ ಯಾರು ಎಂದು ಕೇಳಿದಾಗ ಎದೆಯುಬ್ಬಿಸಿ ನಾನೇ ಎಂದೆಯಂತೆ! ಮನೆ, ನೆಲ ಎಲ್ಲವನ್ನೂ ಪೀಚ್ ಮರಗಳ ಸಮೇತ ಅವನಿಗೆ ಮಾರಿ ಬರೆದುಕೊಟ್ಟು, ಊರು ಬಿಟ್ಟು ಪಡುವಣಕ್ಕೆ ಹೋಗುವ ಚೆರೋಕಿಗಳ ಪಟ್ಟಿಯಲ್ಲಿ ನಮ್ಮ ಹೆಸರೂ ಸೇರಿಸಿ ಬಂದೆ. "ಬಿಳಿಯರು ಹೇಗಿದ್ರೂ ನೆಲ ಕಿತ್ಕೊಳ್ತಾರೆ ಕಣೇ. ಮೊದ್ಲೇ ಹೋದ್ರೆ ಮಗುವಾದ್ರೂ ಉಳ್ಕೊಳ್ಳುತ್ತೆ" ಎಂದೆ. ಆಗ ನಾನು ಕೂಗಾಡಿದೆ.

ಈಗ ನದಿಯಾಚೆ ಸಿಪಾಯಿಗಳು ದೊಡ್ಡಿ ಕಟ್ಟುತ್ತಿದ್ದಾರೆ. ಅಷ್ಟು ದನ ಅವರ ಬಳಿ ಎಲ್ಲಿವೆ? ನಮ್ಮನ್ನೇ ಕೂಡಿಹಾಕಲು ಇರಬೇಕು. ಅದನ್ನು ನೋಡಿದಾಗ ನೀನು ಹೇಳಿದ್ದೇ ಸರಿ ಅನ್ನಿಸುತ್ತದೆ. ಮನೆಗೆ ಬಂದು, ಅಮ್ಮನ ಒಲೆಯ ಮೇಲೆ ಮೆಕ್ಕೆಜೋಳದ ಕಡುಬು ಬೇಯಿಸುವಾಗ ನೀನು ದ್ರೋಹಿ ಅನ್ನಿಸುತ್ತದೆ. ಒಂದೇ ದಿನದಲ್ಲಿ ಎರಡೂ. ನನಗೆ ತಲೆ ಕೆಟ್ಟುಹೋಗಿದೆ.

ಇವತ್ತು ಬೆಳಿಗ್ಗೆ ಅಣ್ಣ ಸಲೋಲಿ ಬಂದಿದ್ದ. ನೆಲ ಮಾರಿದವನಿಗೆ ಸಾವೇ ಶಿಕ್ಷೆ ಎಂಬುದು ನಮ್ಮ ಚೆರೋಕಿ ಜನರಲ್ಲಿ ಯಾರಿಗೆ ಗೊತ್ತಿಲ್ಲ? ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡೇ, "ನಿನ್ನ ಗಂಡ ಎಲ್ಲವ್ನೆ?" ಎಂದ.

"ಯಾವ ಗಂಡ? ಜೀನು ಆಚೆ ಬಿದ್ದಿರೋದು ಕಾಣ್ಸಲ್ವಾ?" ಎಂದೆ.

ನಕ್ಕ. ನಮ್ಮಲ್ಲಿ ಮಗಳ ವಿಷಯದಲ್ಲಿ ಅಪ್ಪನಿಗಿಂತ ಸೋದರಮಾವನ ಮಾತೇ ಮೇಲಲ್ಲವೇ? "ಇವಳು ಎಲ್ಲಿಗೂ ಹೋಗಲ್ಲ" ಎಂದುಬಿಟ್ಟ. ಅವನು ಹೇಳಿದ್ದೂ ಸರಿಯೆನಿಸಿತು, ನೋಡು.

ಆದರೂ ಶನಿವಾರ ಮಗಳನ್ನು ನೋಡಲು ಬರಬೇಡ. ಪಡುವಣಕ್ಕೆ ಹೋಗುವ ದೋಣಿಗಾಗಿ ಆ ಕಡವಿನಲ್ಲಿ ಕಾಯಲೂ ಬೇಡ. ನೇಕಿ ಚಿಕ್ಕಮ್ಮ ಈ ಕಾಗದ ಕೊಟ್ಟ ಕೂಡಲೇ ಎದ್ದು ಹೊರಡು. ಯಾಕೆಂದು ಅವರನ್ನು ಕೇಳಬೇಡ, ಅವರಿಗೆ ನಾನು ಹೇಳಿಲ್ಲ.

ಇಂತಿ,
ಅನವಾಕಿ

ಬರೆಯಬಾರದೆಂದುಕೊಂಡದ್ದು: ನೀನು ಆ ಕಡವಿನ ಅಂಬಿಗನ ಮನೆಯಲ್ಲಿರುವುದನ್ನು ಅಣ್ಣನಿಗೆ ಹೇಳಿದವಳು ನಾನೇ. ಸಿಟ್ಟಿನಲ್ಲಿ ಬಾಯಿಗೆ ಬಂತು. ಅವನು ಇನ್ನಿಬ್ಬರನ್ನು ಕರೆತರಲು ಮೇಲಿನ ಊರಿಗೆ ಹೋಗಿದ್ದಾನೆ, ಅವರಿಗಿಂತ ಮೊದಲೇ ತಲುಪಲೆಂದು ಚಿಕ್ಕಮ್ಮನನ್ನು ಒಳದಾರಿಯಲ್ಲಿ ಕಳಿಸುತ್ತಿದ್ದೇನೆ. ಅವನ ಬೆನ್ನು ಮರೆಯಾದದ್ದೇ ಜೀನನ್ನು ಎತ್ತಿ ಒಳಗೆ ತಂದಿಟ್ಟೆ. ಎದುರುಮನೆಯವರು ನೋಡಿದರು. ನೋಡಲಿ.