ಅಟ್ಟದ ಬಾಡಿಗೆ

ಭಾನುವಾರ, ಬೆಳಗಿನ ಕಾಫಿಯ ನಂತರ

ನನ್ನ ಮುದ್ದು ಚೂಟಿಗೆ,

ಅಮ್ಮನ ಎರಡೂ ಕೈಯೆತ್ತಿದ ಆಶೀರ್ವಾದಗಳು. ಪರದೆ ಸರಿಯಲಿ, ದೀಪಗಳು ಹತ್ತಲಿ, ಆರೋಪಿ ರಂಗದ ನಡುವೆ ಬಂದು ನಿಲ್ಲಲಿ. ಆರೋಪಿ ನಾನೇ.

ನಿನ್ನ ಪತ್ರ ಓದಿದೆ. ನಮ್ಮ ನಾಟಕ ಕಂಪನಿಯ ವಿಡಿಯೊಗಳನ್ನು ನೀನು ಕ್ಲೌಡಿನಲ್ಲಿ ಇಟ್ಟಿದ್ದೀಯಲ್ಲ, ಅದರ ಬಿಲ್ಲು ಈಚೆಗೆ ತಿಂಗಳಿಂದ ತಿಂಗಳಿಗೆ ಊದಿಕೊಳ್ಳುತ್ತಿದೆಯಂತೆ. ಯಾರೂ ನೋಡದ ನಾಟಕಗಳಿಗೆ ಕನ್ನಡಕದ ಅಂಗಡಿಯ ದುಡಿಮೆ ಸುರಿಯಲು ನಿನ್ನಿಂದಾಗದು, ಈ ತಿಂಗಳ ಕೊನೆಗೆ ಖಾತೆ ಮುಚ್ಚಿ ಎಲ್ಲವನ್ನೂ ಅಳಿಸಿಬಿಡುತ್ತೇನೆ ಎಂದಿದ್ದೀಯ. ಅಳಿಸಬೇಡ ಕಂದ. ಮೊದಲು ನನ್ನ ಮಾತು ಪೂರ್ತಿ ಕೇಳು, ತೀರ್ಪು ಆಮೇಲೆ ಕೊಡು.

ನಿಜ ಹೇಳಬೇಕೆಂದರೆ ನನಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚಾಯಿತು. ಒಂದೇ ಒಂದು ಹೊಸ ನಾಟಕ ಸೇರಿಲ್ಲ, ನಮ್ಮ ಕಂಪನಿ ಮುಚ್ಚಿ ವರ್ಷಗಳಾದವು, ಆದರೂ ಬಿಲ್ಲು ಮಾತ್ರ ಗರ್ಭಿಣಿಯ ಹಾಗೆ ಬೆಳೆಯುತ್ತದೆಂದರೆ ಏನರ್ಥ? ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರ ಸಹಾಯವಾಣಿಗೇ ಫೋನು ಹಚ್ಚಿದೆ. ಒಬ್ಬ ಹೆಣ್ಣುಮಗಳು ಸಿಕ್ಕಳು, ಒಳ್ಳೆಯ ಸಹನೆ. ನಾನು ಮಾತು ಶುರುಮಾಡಿದ ಕೂಡಲೇ, "ಅಮ್ಮಾ, ಸ್ವಲ್ಪ ಮೆಲ್ಲಗೆ ಮಾತಾಡಿ, ನನ್ನ ಪಕ್ಕದ ಕುರ್ಚಿಯವರೂ ತಿರುಗಿ ನೋಡ್ತಿದಾರೆ" ಎಂದಳು. ಕೊನೆಯ ಸಾಲಿನವರೆಗೆ ಕೇಳಿಸಬೇಕಲ್ಲಮ್ಮ, ಅಭ್ಯಾಸ ಎಂದೆ. ನಕ್ಕಳು. ಅಲ್ಲಿಂದ ನಾವಿಬ್ಬರೂ ಸ್ನೇಹಿತರು.

ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಕ್ಲೌಡು ಎಂದರೆ ಮೋಡವೂ ಅಲ್ಲ, ಮಣ್ಣಾಂಗಟ್ಟಿಯೂ ಅಲ್ಲ, ದೊಡ್ಡದೊಂದು ಬಾಡಿಗೆ ಮನೆ. ವಿಡಿಯೊ ಎಷ್ಟು ದಪ್ಪ, ಎಷ್ಟು ದಿನ ಇತ್ತು ಎಂದು ದಿನದಿನವೂ ಲೆಕ್ಕ ಹಾಕಿ ತಿಂಗಳಿಗೊಮ್ಮೆ ಬಾಡಿಗೆ ಕೇಳುತ್ತಾರೆ. ಅದರಲ್ಲಿ ಎರಡು ಜಾಗ. ಒಂದು ನಡುಮನೆ: ಬಾಡಿಗೆ ಜಾಸ್ತಿ, ಆದರೆ ಬೇಕೆಂದಾಗ ಕೈಚಾಚಿ ತೆಗೆದುಕೊಳ್ಳಬಹುದು. ಇನ್ನೊಂದು ಅಟ್ಟ: ಬಾಡಿಗೆ ಪುಡಿಗಾಸು, ಆದರೆ ಪ್ರತಿಸಲ ಕೆಳಗಿಳಿಸುವುದಕ್ಕೂ ತೂಕ ನೋಡಿ ಕೂಲಿ. ಅಟ್ಟಕ್ಕೆ ಏರಿಸಿದ್ದನ್ನು ಮಾರನೇ ದಿನವೇ ಬಿಸಾಡಿದರೂ ಮೂರು ತಿಂಗಳ ಬಾಡಿಗೆ ತಪ್ಪದು. ಹೇಗಿದೆ? ಒಳಗೆ ಬರುವಾಗ ಬಿಟ್ಟಿ, ಹೊರಗೆ ಹೋಗುವಾಗ ಸುಂಕ. ಇಂಥ ಯುಕ್ತಿ ನಮ್ಮ ಕಂಪನಿಯ ಮಾಲೀಕನಿಗೆ ಹೊಳೆದಿದ್ದರೆ, ಟಿಕೆಟ್ಟಿಲ್ಲದೆ ಜನರನ್ನು ಒಳಗೆ ಬಿಟ್ಟು, ನಾಟಕ ಮುಗಿದ ಮೇಲೆ ಬಾಗಿಲಲ್ಲಿ ಕಾಸು ಕೀಳುತ್ತಿದ್ದ.

ನೀನು ಎಲ್ಲವನ್ನೂ ಅಟ್ಟಕ್ಕೆ ಹಾಕಿದ್ದೆ. ಇನ್ಯಾರು ನೋಡುತ್ತಾರೆ ಎಂದುಕೊಂಡಿದ್ದೆ, ನಿನ್ನ ತಪ್ಪಲ್ಲ.

ನೋಡುತ್ತಿದ್ದವಳು ನಾನು. ಒಂದೇ ದೃಶ್ಯ: ರಾಜನಾದ ನಿಮ್ಮಪ್ಪ ರಾಣಿಯಾದ ನನ್ನನ್ನು ಅರಮನೆಯಿಂದ ಹೊರಗಟ್ಟುವುದು. ಸೀರೆಯ ನೆರಿಗೆ ನೋಡಲು ತೆಗೆದೆ ಎಂದು ಬರೆಯಲು ಹೊರಟಿದ್ದೆ. ಬೇಡ. ನಿಮ್ಮಪ್ಪನ ದನಿ ಕೇಳಲು ತೆಗೆದೆ. ಗಂಟಲಿನ ಆಪರೇಷನ್ ಆಗಿ ಮನೆಗೆ ಬಂದ ದಿನವೇ ಅವರು, "ಈ ಮನೇಲಿ ಇನ್ನು ನಾಟಕದ ಸುದ್ದಿ ಬೇಡ" ಎಂದು ಉಸಿರಲ್ಲೇ ಹೇಳಿಬಿಟ್ಟರು. ತಗಡು ಗುಡುಗುವಂಥ ದನಿಯಿದ್ದ ಮನುಷ್ಯ, ಈಗ ಉಪ್ಪು ಕೇಳಿದರೂ ನಾನು ಬಾಯಿಗೆ ಕಿವಿಕೊಡಬೇಕು. ಅದಕ್ಕೇ ಅವರು ಬೆಳಗ್ಗೆ ವಾಕಿಂಗ್ ಹೋದಾಗ ಕದ್ದು ಕೇಳುತ್ತಿದ್ದೆ.

ಕೇಳಿದ ಮೇಲೆ ವಾಪಸ್ ಇಡುತ್ತಿದ್ದೆ. ಅಲ್ಲೇ ಎಡವಟ್ಟಾಗಿದ್ದು. ಕಂಪನಿಯಲ್ಲಿ ಸಾಮಾನಿನ ಪೆಟ್ಟಿಗೆಗೆ ನಾನೇ ಯಜಮಾನಿ ಅಲ್ಲವೇ? ಕಿರೀಟವಾಗಲಿ ಕತ್ತಿಯಾಗಲಿ, ದೃಶ್ಯ ಮುಗಿದೊಡನೆ ಪೆಟ್ಟಿಗೆ ಸೇರದಿದ್ದರೆ ಮಹಾರಾಜನಿಗೂ ಬೈಗುಳ ತಪ್ಪುತ್ತಿರಲಿಲ್ಲ. ಅದೇ ಶಿಸ್ತಿನಲ್ಲಿ ವಿಡಿಯೊವನ್ನು ಫೋನಿಗಿಳಿಸಿ, ಕೇಳಿ, ಮತ್ತೆ ಅಟ್ಟಕ್ಕೇರಿಸಿ, ಫೋನಿನಿಂದ ಅಳಿಸುತ್ತಿದ್ದೆ. ಸಹಾಯವಾಣಿಯವಳು, "ಅಮ್ಮಾ, ನೀವು ಇಳಿಸ್ಕೊಂಡಿದ್ದು ನಕಲು. ಅಸಲು ಅಲ್ಲೇ ಇತ್ತು. ವಾಪಸ್ ಇಟ್ಟಾಗೆಲ್ಲ ಹಳೇದು ಅಳಿಯದೆ ಹೊಸದರ ಅಡಿಯಲ್ಲಿ ಹೋಗಿ ಕೂತಿದೆ, ಅದಕ್ಕೂ ಬಾಡಿಗೆ" ಎಂದಳು. ಅಂದರೆ ಈಗ ನಿನ್ನ ಅಟ್ಟದಲ್ಲಿ ಒಬ್ಬ ರಾಣಿಯಲ್ಲ, ರಾಣಿಯರ ದಂಡೇ ಹೊರಗಟ್ಟಿಸಿಕೊಳ್ಳಲು ಸಾಲುಗಟ್ಟಿ ನಿಂತಿದೆ.

ಇಲ್ಲಿಗೆ ಮುಗಿಯಲಿಲ್ಲ. "ಅಮ್ಮಾ, ನೀವು ಬೆಳಗ್ಗೆ ಅಂತೀರಿ. ಊಟದ ಹೊತ್ತಾದ ಮೇಲೂ ದಿನಾ ಇದನ್ನೇ ಇನ್ನೊಂದು ಫೋನಿಂದ ಇಳಿಸಿ ಏರಿಸಿದಾರಲ್ಲ, ಅದ್ಯಾರು?" ಎಂದಳು.

ಆ ಹೊತ್ತಿಗೆ ನಿಮ್ಮಪ್ಪ ಮುರಿದ ಕುರ್ಚಿ ರಿಪೇರಿ ಮಾಡುತ್ತೇನೆಂದು ಮಹಡಿಯ ಕೋಣೆಗೆ ಹೋಗುವುದು ರೂಢಿ. ಆ ಕುರ್ಚಿ ಇನ್ನೂ ಕುಂಟುತ್ತಲೇ ಇದೆ. ನಿನ್ನೆ ಊಟವಾದ ಮೇಲೆ ಕಾಫಿಯ ನೆಪ ಹಿಡಿದು ಹತ್ತಿದೆ. ಬಾಗಿಲಿಗೆ ಬೆನ್ನು ಮಾಡಿ ಕೂತು ಫೋನು ನೋಡುತ್ತಿದ್ದರು. ನನ್ನ ಹೆಜ್ಜೆ ಕೇಳಿ ಸದ್ದು ಇಳಿಸಿದ್ದರೆಂದು ಕಾಣುತ್ತದೆ, ಬರೀ ಚಿತ್ರ ಓಡುತ್ತಿತ್ತು. ಅದೇ ದೃಶ್ಯ. ಏನ್ರೀ ಇದು ಎಂದೆ. ಸಿಕ್ಕಿಬಿದ್ದ ಕಳ್ಳನ ಮುಖ ಮಾಡಿ, "ನೋಡಿ ವಾಪಸ್ ಹಾಕ್ತಿದ್ದೆ ಕಣೇ. ಹಾಕದೆ ಹೋದ್ರೆ ನೀನು ಬಿಡ್ತೀಯಾ?" ಎಂದರು.

ಹೋದ ದನಿಯನ್ನು ಕೂತು ಕೇಳುತ್ತಿದ್ದರಲ್ಲ ಎಂದುಕೊಂಡೆ. ಕಾಫಿ ಇಟ್ಟು ಇಳಿದುಬಂದೆ.

ಈಗ ಆ ದೃಶ್ಯ ಇಬ್ಬರ ಫೋನಿನಲ್ಲೂ ಕಾಯಂ ಆಗಿದೆ, ಇನ್ನು ಅದಕ್ಕೆ ಸುಂಕವಿಲ್ಲ. ಅಡಿಯಲ್ಲಿರುವ ನಕಲುಗಳು ಮೂರು ತಿಂಗಳು ತುಂಬಿದ ಹಾಗೆ ತಾವಾಗಿ ಅಳಿಯುವಂತೆ ನೀನು ಒಂದು ಗುಂಡಿ ಒತ್ತಬೇಕಂತೆ. ಬಿಲ್ಲು ಮೊದಲಿನ ಹಾಗೆ ಇಳಿಯುತ್ತದೆ. ಇಷ್ಟಾದ ಮೇಲೂ ಮುಚ್ಚುವುದಾದರೆ ನಿನ್ನಿಷ್ಟ. ನನಗೆ ಬೇಕಾದ ದನಿಯಂತೂ ಸಿಕ್ಕಿತು.

ಕಣ್ಣು ಕೆಂಪಾಗುವವರೆಗೆ ಅಂಗಡಿಯಲ್ಲಿ ಕೂರಬೇಡ.

ಇಂತಿ,
ಹೊರಗಟ್ಟಿದರೂ ಹೋಗದ ರಾಣಿ,
ನಿನ್ನ ಅಮ್ಮ

ತಾ.ಕ.: ಮಗಳೇ, ಇದು ಅಪ್ಪನ ಕೈಬರಹ. ಅಂಚೆಗೆ ಹಾಕಲು ಕೊಟ್ಟಳು, ಓದಿದೆ. ಅವಳ ಹೆಜ್ಜೆ ಕೇಳಿ ನಾನು ಸದ್ದು ಇಳಿಸಿದ್ದಲ್ಲ. ಯಾವತ್ತೂ ಸದ್ದಿಟ್ಟು ನೋಡಿಲ್ಲ. ಆ ಮಾತೆಲ್ಲ ನನಗೆ ಬಾಯಿಪಾಠ. ಆ ದೃಶ್ಯದಲ್ಲಿ ನಾನು ಜನರ ಕಡೆ ಮುಖ ಮಾಡಿ ಅಬ್ಬರಿಸುವಷ್ಟು ಹೊತ್ತೂ ಅವಳು ನನ್ನ ಬೆನ್ನ ಹಿಂದೆ ಸುಮ್ಮನೆ ನಿಂತಿರುತ್ತಾಳೆ. ಅವಳ ಮುಖ ಏನು ಮಾಡುತ್ತಿತ್ತೆಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಇಡೀ ನಾಟಕ ಅಲ್ಲಿದೆ, ಬಾಯಲ್ಲಿ ಒಂದಕ್ಷರವಿಲ್ಲ. ಅಟ್ಟದಲ್ಲಿರುವ ಮಿಕ್ಕ ನಾಟಕಗಳಲ್ಲೂ ನಾನು ಮುಂದೆ, ಅವಳು ಹಿಂದೆ. ಅವನ್ನೆಲ್ಲ ಇನ್ನೂ ನೋಡಿಲ್ಲ. ಅಳಿಸಬೇಡ.