ಹಿತ್ತಲ ಡ್ರಮ್ಮಿನ ಏರಿಳಿತ

೯ ಅಕ್ಟೋಬರ್ ೧೯೮೩, ಬೆಳಿಗ್ಗೆ

ತೋವಿನಕೆರೆಯ ಸಮಸ್ತ ಪ್ರಜೆಗಳಿಗೆ, ಕೊರಟಗೆರೆ ತಾಲ್ಲೂಕಿಗೆ, ಬಿಡುವಿದ್ದರೆ ಉಳಿದ ಭೂಮಂಡಲಕ್ಕೂ ಈ ಮೂಲಕ ಸಾರುವುದೇನೆಂದರೆ— ನಮ್ಮ ಹಿತ್ತಲ ಡ್ರಮ್ಮು ನಾಲ್ಕು ಬೆರಳು ಮೇಲೆದ್ದಿದೆ.

ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಅಳೆದೆ. ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಅಳೆದೆ. ನಾಲ್ಕೇ. ಬಾವಿಯಂಥ ಗುಂಡಿ, ಅದರ ತುಂಬ ಸಗಣಿ ಬಗ್ಗಡ, ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು. ಒಳಗೆ ಗ್ಯಾಸ್ ಹುಟ್ಟಿದಂತೆ ಏಳುತ್ತದೆ, ಒಲೆ ಉರಿಸಿದಂತೆ ಇಳಿಯುತ್ತದೆ. ಗ್ರಾಮಸೇವಕ ಚೌಡಯ್ಯ ಹೀಗೆಂದು ಹೇಳಿದಾಗ ನಂಬಿರಲಿಲ್ಲ. ನಂಬದೆ ಗತಿಯೂ ಇರಲಿಲ್ಲ.

ಕಾರಣ, ನನ್ನ ಹೆಂಡತಿ ಗಂಗಲಕ್ಷ್ಮಮ್ಮನ ಎದೆ. ಸೌದೆ ಹೊಗೆಯಲ್ಲಿ ಇನ್ನೊಂದು ಚಳಿಗಾಲ ನಿಮ್ಮ ಮನೆಯವರು ತಡೆಯೋಲ್ಲ ಎಂದರು ತುಮಕೂರಿನ ಡಾಕ್ಟರು— ಬಸ್ ತಪ್ಪಿತು ಎನ್ನುವಷ್ಟೇ ಸಲೀಸಾಗಿ. ಸೀಮೆಎಣ್ಣೆ ಸ್ಟೌ ಹಚ್ಚಿದರೂ ಕೆಮ್ಮು. ಸಿಲಿಂಡರಿಗೆ ಹೆಸರು ಬರೆಸಿದ್ದೇನೆ. ಸರದಿ ಬರುವ ಹೊತ್ತಿಗೆ ನಮ್ಮ ಮೊಮ್ಮಕ್ಕಳು ರಿಟೈರಾಗಿರುತ್ತಾರೆ. ಮಕ್ಕಳೇ ಇಲ್ಲದವರ ಮೊಮ್ಮಕ್ಕಳು! ಈ ಜೋಕು ವಾರಪತ್ರಿಕೆಯ ನನ್ನ ನಗೆ ಕಾಲಂಗೆ ಬೇಡ.

೧೦ ಅಕ್ಟೋಬರ್

ನಮ್ಮದು ಒಂದೇ ಹಸು. ಆಕೆಯ ಸಗಣಿ ಉತ್ಪಾದನೆ ಒಂದು ಲೋಟ ಕಾಫಿ ಕಾಯಿಸಲು ಸಾಕು. ಮಿಕ್ಕ ಸಗಣಿ ಗೊಲ್ಲರಹಟ್ಟಿಯ ಬೋರಣ್ಣನ ಕೊಟ್ಟಿಗೆಯಿಂದ. ಗುಂಡಿ ತುಂಬುವ ಮೊದಲೇ ಆದ ಕರಾರು ಹೀಗೆ: ಸಗಣಿ ಅವನದು, ಗ್ಯಾಸ್ ನಮ್ಮದು, ಹೊರಬಂದ ಬಗ್ಗಡ ವಾಪಸ್ಸು ಅವನ ಹೊಲಕ್ಕೆ. ಬೋರಣ್ಣ ಒಪ್ಪಿದ. ಅವನ ತಾಯಿ ಜುಂಜಮ್ಮ ಒಪ್ಪಬೇಕಲ್ಲ.

"ಸಾರ ಎಲ್ಲಾ ನೀವು ಉರಿಸ್ಕಂಡು ಸಪ್ಪೆ ಸಗಣಿ ನಮಗೆ ಕೊಡ್ತೀರಾ ಮೇಷ್ಟ್ರೇ? ರಾಗಿಗೇನು ಗೊತ್ತಾಗಾಕಿಲ್ವಾ?"

ಚೌಡಯ್ಯ ಆಕೆಯ ಮುಂದೆ ಕೂತು ದೊಡ್ಡ ಭಾಷಣ ಮಾಡಿದ. ಸಾರ ಎಲ್ಲೂ ಹೋಗುವುದಿಲ್ಲ, ಬಗ್ಗಡ ಇನ್ನೂ ಒಳ್ಳೆಯ ಗೊಬ್ಬರ, ದೇಶ, ಕಾಡು, ಮುಂದಿನ ಪೀಳಿಗೆ... ಎಲೆಅಡಿಕೆ ಮುಗಿಯುವ ತನಕ ಕೇಳಿದಳು. "ರಾಗಿನೇ ಕೇಳಾನ ಬುಡು" ಎಂದು ಎದ್ದು ಹೋದಳು. ಒಪ್ಪಿಗೆ ಎಂದು ನಾವು ತಿಳಿದೆವು.

೧೪ ಅಕ್ಟೋಬರ್, ಸಂಜೆ

ಉರಿಯಿತು.

ನೀಲಿ. ಹಗಲಲ್ಲಿ ಕಾಣುವುದೇ ಇಲ್ಲ, ಕೈ ಇಟ್ಟರೆ ಮಾತ್ರ ಗೊತ್ತಾಗುತ್ತದೆ. ನಾನು ಕೈ ಇಟ್ಟೆ. ಗೊತ್ತಾಯಿತು.

ಗಂಗೆ ಒಲೆ ಮುಂದೆ ಕೂತಳು, ಕೈಯಲ್ಲಿ ಊದುಗೊಳವೆ. ಯಾಕೆ ಅಂದೆ. ಹಿಡಿದುಕೊಂಡು ಅಭ್ಯಾಸ, ಅಂದಳು. ಹಾಲು ಕಾಯಿತು, ಉಕ್ಕಿತು. ಅವಳು ಒಂದು ಸಲವೂ ಕೆಮ್ಮಲಿಲ್ಲ. ಇಬ್ಬರೂ ಕೆಮ್ಮಿಗಾಗಿ ಕಾಯುತ್ತಾ ಕೂತಿದ್ದೆವು, ಬರಬೇಕಾದ ನೆಂಟರು ಬಾರದಿದ್ದಂತೆ.

ಚೌಡಯ್ಯ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡ. ಹೊಗೆಯೇ ಇಲ್ಲದ ಅಡುಗೆಮನೆಯಲ್ಲಿ ಕಣ್ಣೀರು ಸುರಿಸಿದ ಮೊದಲ ಸರ್ಕಾರಿ ನೌಕರ. ಈತನ ಸ್ವಂತ ಮನೆಯಲ್ಲಿ ಈಗಲೂ ಸೌದೆ ಒಲೆ. ಊರೆಲ್ಲ ಗ್ಯಾಸ್ ಮಾಡಿಸಿ ಆಮೇಲೆ ನಮ್ಮನೆಗೆ ಸಾರ್, ಎನ್ನುತ್ತಾನೆ. ಸೈಕಲ್ ತುಳಿದೇ ಅವನ ಮಂಡಿ ಸವೆದಿದೆ.

೬ ನವೆಂಬರ್

ದೀಪಾವಳಿ ಮುಗಿಯಿತು. ಮೂರು ದಿನ ಕಜ್ಜಾಯ ಕರಿದರೂ ಡ್ರಮ್ಮು ಸೋಲಲಿಲ್ಲ. ಗಂಗೆ ರಾತ್ರಿ ಮಲಗಿಕೊಂಡೇ ನಿದ್ದೆ ಮಾಡುತ್ತಿದ್ದಾಳೆ. ಹೋದ ವರ್ಷ ಈ ಹೊತ್ತಿಗೆ ಗೋಡೆಗೆ ಒರಗಿ ಕೂತು ಬೆಳಗು ಮಾಡುತ್ತಿದ್ದಳು.

ನಮ್ಮ ಅಡುಗೆಮನೆ ಈಗ ಯಾತ್ರಾಸ್ಥಳ. ಚೌಡಯ್ಯ ಕೊಳಾಲದಿಂದ ಮಹಿಳಾ ಮಂಡಳಿಯನ್ನೇ ಕರೆತಂದ. ನೋಡಿದರು, ಮೆಚ್ಚಿದರು, ಉಪ್ಪಿಟ್ಟು ತಿಂದರು. ಒಬ್ಬಾಕೆ ಕಾಫಿ ಲೋಟ ಮೂಗಿನ ಹತ್ತಿರ ತಂದು ಕೆಳಗಿಟ್ಟಳು. ಸಗಣಿ ವಾಸನೆ ಬರುತ್ತೆ, ಬೇಡ ಅಂದಳು.

ವಾಸನೆ ಬಂದದ್ದು ಹಿತ್ತಲ ತೊಟ್ಟಿಯಿಂದ, ಸಗಣಿ ಕಲಸಿ ಒಳಗೆ ಬಿಡುವ ತೊಟ್ಟಿ. ಕಾಫಿಯಿಂದ ಅಲ್ಲ. ಹೇಳಿದೆ. ಆದರೂ ಆ ಲೋಟವನ್ನು ಗಂಗೆ ಎಷ್ಟು ಸಲ ತೊಳೆದಳು ಅಂತ!

೧೯ ನವೆಂಬರ್

ಮಹಾಪುರುಷರ ಆಗಮನ. ತುಮಕೂರಿನ ದೊಡ್ಡ ಸಾಹೇಬರು, ಜೀಪು, ಕ್ಯಾಮೆರಾದವನು. ಬೆಳಗಿನ ಜಾವದಿಂದಲೇ ಗಂಗೆ ಸಾರಿಸಿ ಗುಡಿಸಿ ರಂಗೋಲಿ ಇಟ್ಟಳು, ಡ್ರಮ್ಮಿನ ಸುತ್ತಲೂ ಸಹ. ನನ್ನನ್ನು ನೀರಿಗೆ ಅಟ್ಟಿದಳು. ಸಾಹೇಬರು ತೊಟ್ಟಿ ಮೇಲೆ ಬಾಗಿ ಉಸಿರೆಳೆದು, ಏನೂ ವಾಸನೆಯೇ ಇಲ್ಲವಲ್ಲ, ಆಸ್ಪತ್ರೆ ಇದ್ದ ಹಾಗಿದೆ ಎಂದರು. ಕಾಫಿ ಎರಡು ಸಲ ಕುಡಿದರು. ಅವಳ ಮುಖ ನೋಡಬೇಕಿತ್ತು.

ಫೋಟೋದಲ್ಲಿ ಎಡದಿಂದ: ಸಾಹೇಬರು, ಚೌಡಯ್ಯ, ಡ್ರಮ್ಮು, ನಾನು. ಗಂಗೆ ಒಳಗೆ ಬಾಳೆಹಣ್ಣು ಜೋಡಿಸುತ್ತಿದ್ದಳು.

೨೫ ನವೆಂಬರ್

ಡ್ರಮ್ಮು ಏಳಲಿಲ್ಲ.

ಚಳಿ ಇರಬೇಕು.

೨೮ ನವೆಂಬರ್

ಒಲೆಯಲ್ಲಿ ಹಳದಿ ನಾಲಿಗೆ, ಆಮೇಲೆ ಅದೂ ಇಲ್ಲ. ಚೌಡಯ್ಯ ಬಂದ. ಕೋಲು ಇಳಿಸಿ ಕಲಕಿದ, ಮೂಸಿದ. ಇನ್ನೊಮ್ಮೆ ಮೂಸಿದ. ಯಾರು ಫಿನಾಯಿಲ್ ಹಾಕಿದ್ದು ಎಂದು ಮೆಲ್ಲಗೆ ಕೇಳಿದ.

ಹಿತ್ತಲ ಬಾಗಿಲಿಂದ ಉತ್ತರ ಬಂತು.

"ನಾನೇ. ತೊಟ್ಟಿಗೆ ಎರಡು ಬಾಟಲಿ. ಬಂದೋರು ಮೂಗು ಮುಚ್ಕೋಬಾರದು ಅಂತ."

ಚೌಡಯ್ಯ ತೊಟ್ಟಿ ಕಟ್ಟೆಯ ಮೇಲೆ ಕೂತುಬಿಟ್ಟ. ಬಯ್ಯಲಿಲ್ಲ. ಬಗ್ಗಡದೊಳಗೆ ಕಣ್ಣಿಗೆ ಕಾಣದ ಜೀವಗಳಿರುತ್ತವೆ ತಾಯಿ, ಗ್ಯಾಸ್ ಮಾಡುವುದು ಅವೇ, ಫಿನಾಯಿಲ್ ಬಿದ್ದರೆ ಅವು ಉಳಿಯುವುದಿಲ್ಲ— ಎಂದಷ್ಟೇ ಹೇಳಿದ. ಗುಂಡಿ ಪೂರ್ತಿ ಖಾಲಿ ಮಾಡಬೇಕು. ಹೊಸ ಸಗಣಿ ತುಂಬಬೇಕು. ಈ ಚಳಿಯಲ್ಲಿ ಗ್ಯಾಸ್ ಕಟ್ಟಲು ತಿಂಗಳ ಮೇಲೇ ಹಿಡಿಯುತ್ತದೆ.

ಅಪಾಯವೇನಿಲ್ಲ, ಅಲ್ಲಿಯವರೆಗೆ ನಾನೇ ನಳಪಾಕ ಮಾಡುತ್ತೇನೆ ಎಂದು ಘೋಷಿಸಿದೆ. ಯಾರೂ ನಗಲಿಲ್ಲ. ಘೋಷಿಸಿದವನೂ ನಗಲಿಲ್ಲ.

೧ ಡಿಸೆಂಬರ್

ಜುಂಜಮ್ಮನಿಗೆ ಸುದ್ದಿ ತಲುಪಿತು. ಫಿನಾಯಿಲ್ ಬಗ್ಗಡ ಹೊಲಕ್ಕೆ ಬೇಡ, ಹೊಸ ಸಗಣಿಯೂ ಇಲ್ಲ ಅಂದಳಂತೆ. ಬೋರಣ್ಣ ನನ್ನ ಕಂಡರೆ ದನದ ಮರೆಗೆ ಹೋಗುತ್ತಾನೆ. ತಾಯಿಗೆ ಎದುರಾಡುವ ಗಂಡಸು ಆ ಹಟ್ಟಿಯಲ್ಲಿ ಇನ್ನೂ ಹುಟ್ಟಿಲ್ಲ. ಬೇರೆ ಕೊಟ್ಟಿಗೆಗಳಲ್ಲಿ ಕೇಳಿದೆ. ಸಗಣಿ ಎಂದರೆ ಲಕ್ಷ್ಮಿ, ಮನೆಯಾಚೆ ಕೊಡುವುದಿಲ್ಲ ಅಂದರು.

ನನ್ನ ನಳಪಾಕಕ್ಕೆ ಆಯಸ್ಸು ಎರಡು ದಿನ. ಸ್ಕೂಲಿಂದ ಬರುವಷ್ಟರಲ್ಲಿ ಗಂಗೆ ಅಂಗಳದಲ್ಲಿ ಮೂರು ಕಲ್ಲು ಹೂಡಿ ಸೌದೆ ಉರಿಸುತ್ತಿದ್ದಳು. ಬಯಲಲ್ಲವಾ, ಹೊಗೆ ಗಾಳಿಗೆ ಹೋಗುತ್ತೆ ಅಂದಳು. ಗಾಳಿ ಅವಳ ಕಡೆಗೇ ಇತ್ತು.

೧೨ ಡಿಸೆಂಬರ್

ಗಂಗೆಗೆ ಮತ್ತೆ ಕೂತೇ ನಿದ್ದೆ. ಗೋಡೆಗೆ ಒರಗಿ.

ಸಂಪಾದಕರಿಂದ ಕಾರ್ಡು: ಈ ವಾರ ಓದುಗರು ಹೊಟ್ಟೆ ಹುಣ್ಣಾಗುವಂತೆ ನಗಬೇಕು. ಆಗಲಿ. ಶೀರ್ಷಿಕೆ ಬರೆದೆ. ಕೆಳಗೆ ಅವಳ ಉಸಿರಿನ ಸದ್ದು ಮಾತ್ರ... ಅದನ್ನು ಬರೆಯುವ ಅಕ್ಷರ ಇಲ್ಲ.

೧೪ ಡಿಸೆಂಬರ್

ಜುಂಜಮ್ಮ ಬಂದಳು, ಫಿನಾಯಿಲ್ಲಿನ ಜಗಳಕ್ಕೆಂದೇ. ಸೆರಗು ಸಿಕ್ಕಿಸಿಕೊಂಡು ಅಂಗಳ ದಾಟಿದಳು. ಗಂಗೆ ಒಲೆ ಪಕ್ಕ ಎರಡೂ ಕೈ ನೆಲಕ್ಕೂರಿ ಉಸಿರು ಹುಡುಕುತ್ತಿದ್ದಳು. ಮುದುಕಿ ನಿಂತಳು. ಜಗಳ ಆಡಲಿಲ್ಲ. ಉರಿಯುವ ಸೌದೆ ಎಳೆದು ನೀರು ಹಾಕಿದಳು. ಹೊರಟು ಹೋದಳು.

೧೫ ಡಿಸೆಂಬರ್

ಬೆಳಕು ಹರಿಯುವಾಗ ಬೋರಣ್ಣ, ಅವನ ಹೆಂಡತಿ, ನಾದಿನಿಯರು— ತಲೆ ಮೇಲೆ ಸಗಣಿ ತುಂಬಿದ ಮಂಕರಿ. ಹಿಂದೆ ದಂಡನಾಯಕಿ ಜುಂಜಮ್ಮ. ನಾನು ಏನೋ ಹೇಳಲು ಹೋದೆ.

"ನಿಮ್ ಗ್ಯಾಸಿಗಲ್ಲ ಕಣ್ರೀ ಮೇಷ್ಟ್ರೇ. ಆ ಹೆಣ್ಮಗಳ ಉಸ್ರಿಗೆ. ನೀವು ಸುಮ್ಕೆ ಗುಂಡಿ ತೋಡ್ರಿ."

ಹಳೆ ಬಗ್ಗಡವನ್ನೆಲ್ಲ ತೋಡಿ ಹಾಕಿದೆ. ಚೌಡಯ್ಯ ಪ್ಯಾಂಟು ಮಡಚಿ ಸೊಂಟದವರೆಗೆ ಇಳಿದ. ಇನ್ನು ಮೇಲೆ ಇಲ್ಲೇ ಉಂಡು ಹೋಗು, ರಾಗಿಮುದ್ದೆಗೇನು ಬರ ಅಂತ ಜುಂಜಮ್ಮನೇ ನಮ್ಮ ಮನೆಯ ಪರವಾಗಿ ಅವನನ್ನು ಕರೆದಳು. ಮುದ್ದೆ ಬಂದದ್ದೂ ಹಟ್ಟಿಯಿಂದಲೇ. ಇನ್ನು ದಿನಾ ಬರುತ್ತದಂತೆ. ಅಂಗಳದ ಮೂರು ಕಲ್ಲನ್ನೂ ಆಕೆ ಹೊತ್ತುಕೊಂಡು ಹೋಗಿದ್ದಾಳೆ.

೧೮ ಡಿಸೆಂಬರ್

ಬರೀ ಸಗಣಿ ಸಾಲದು, ಹೆಪ್ಪು ಬೇಕಂತೆ. ನಡೆಯುತ್ತಿರುವ ಗುಂಡಿಯ ಬಗ್ಗಡ ಸ್ವಲ್ಪ ತಂದು ಸೇರಿಸಬೇಕು, ಹಾಲಿಗೆ ಮಜ್ಜಿಗೆ ಬಿಟ್ಟ ಹಾಗೆ. ಹತ್ತಿರದ್ದು ಕೊಳಾಲದ ಕಡೆಯದು. ಎರಡು ಡಬ್ಬ ತುಂಬಿಕೊಂಡು ಬಸ್ ಹತ್ತಿದೆ. ಡಬ್ಬದಲ್ಲೇನು ಮೇಷ್ಟ್ರೇ ಎಂದ ಕಂಡಕ್ಟರ್. ಮಜ್ಜಿಗೆ ಎಂದೆ. ಮುಂದಿನ ತಿರುವಿನಲ್ಲಿ ಮಜ್ಜಿಗೆ ತುಳುಕಿತು. ಉಳಿದ ಪ್ರಯಾಣ ಬಸ್ಸಿನ ಟಾಪಿನ ಮೇಲೆ, ಎರಡು ಕೋಳಿಬುಟ್ಟಿಗಳ ನಡುವೆ, ಎರಡೂ ಡಬ್ಬ ತಬ್ಬಿಕೊಂಡು.

ಗಂಗೆಗೆ ಹೇಳಿದೆ. ನಕ್ಕಳು. ನಗುವಿಗೆ ಉಸಿರು ಸಾಲಲಿಲ್ಲ. ಇನ್ನು ಹೇಳಬಾರದು. ಇಷ್ಟು ವರ್ಷ ಊರನ್ನೆಲ್ಲ ನಗಿಸಿ ಹೊಟ್ಟೆ ಹೊರೆದವನು, ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರಬೇಕು.

೨೭ ಡಿಸೆಂಬರ್

ಏಳಲಿಲ್ಲ. ಡ್ರಮ್ಮಿಗೆ ಹುಲ್ಲು ಹೊದಿಸಿದ್ದೇನೆ, ಬಿಸಿನೀರಲ್ಲಿ ಕಲಸುತ್ತೇನೆ. ಬಗ್ಗಡದ ಮೇಲೆ ಹಪ್ಪಳದಂತೆ ಪದರ ಕಟ್ಟುತ್ತದೆ. ಕಟ್ಟಿದರೆ ಗ್ಯಾಸ್ ಮೇಲೆ ಬರದು. ಡ್ರಮ್ಮನ್ನು ದಿನಾ ಹಿಡಿದು ತಿರುಗಿಸಿ ಒಡೆಯಬೇಕು. ತಿರುಗಿಸುತ್ತೇನೆ. ಪ್ರದಕ್ಷಿಣೆ. ದೇವರ ಹೆಸರು ಹೇಳುತ್ತೇನೆ, ಬಯ್ಯುತ್ತೇನೆ, ಎರಡನ್ನೂ ಒಟ್ಟಿಗೆ. ಏಳು ಮಹಾರಾಯ.

ಹೊಗೆ ಇಲ್ಲ, ಒಲೆ ಇಲ್ಲ. ಆದರೂ ಗಂಗೆಯ ಎದೆಯ ಉಬ್ಬಸ ಇಳಿಯುತ್ತಿಲ್ಲ. ನಾಡಿದ್ದು ಗ್ಯಾಸ್ ಬಂದರೆ ಮೊದಲು ನಿಮಗೆ ಕಾಫಿ ಅನ್ನುತ್ತಾಳೆ. ಉಗುರು ನೀಲಿ.

೩ ಜನವರಿ ೧೯೮೪, ಬೆಳಿಗ್ಗೆ

ರಾತ್ರಿಯೆಲ್ಲ ಜುಂಜಮ್ಮ ಅವಳ ಬೆನ್ನು ನೀವುತ್ತಾ ಕೂತಿದ್ದಳು. ಚೌಡಯ್ಯ ವ್ಯಾನು ತರಲು ಕೊರಟಗೆರೆಗೆ ಹೋಗಿದ್ದಾನೆ, ಅದೇ ಸೈಕಲ್ಲು. ತುಮಕೂರಿನ ದೊಡ್ಡಾಸ್ಪತ್ರೆಗೆ. ಬೋರಣ್ಣನೂ ಜೊತೆಗೆ ಬರುತ್ತಾನೆ, ಎತ್ತಿ ಇಳಿಸಲು.

ಈಗ ಹಿತ್ತಲಿಗೆ ಹೋಗಿದ್ದೆ. ಎದ್ದಿದೆ. ಒಂದೂವರೆ ಬೆರಳು. ಇನ್ನೊಮ್ಮೆ ಅಳೆಯಲಿಲ್ಲ, ಎರಡೂ ಇರಬಹುದು. ಒಳಗೆ ಓಡಿ ಬಂದು ಹೇಳಿದೆ. ಕಣ್ಣು ಬಿಟ್ಟಳು. ತುಟಿ ಆಡಿತು. ಕಾಫಿ ಅಂದಳೋ ಏನೋ.

ವ್ಯಾನಿನ ಸದ್ದು.

ಈ ಪುಸ್ತಕವನ್ನು ಅಡುಗೆಮನೆ ಗೂಡಲ್ಲಿ ಬಿಟ್ಟು ಹೋಗುತ್ತಿದ್ದೇನೆ. ಯಾರೂ ಓದಬಾರದೆಂದು ಬರೆದದ್ದು. ಆದರೂ ಕೈಗೆ ಸಿಕ್ಕಿ ಇಲ್ಲಿಯ ತನಕ ಓದಿದ ಪುಣ್ಯಾತ್ಮರು ಯಾರೇ ಇರಲಿ, ಒಂದು ಉಪಕಾರ. ಹಿತ್ತಲಿಗೆ ಹೋಗಿ ಡ್ರಮ್ಮನ್ನು ಒಂದು ಸುತ್ತು ತಿರುಗಿಸಿ. ದಿನಾ. ಬಲಕ್ಕೆ ಸಲೀಸು, ಎಡಕ್ಕೆ ಬಿಗಿ. ಅರ್ಧದಲ್ಲಿ ಹಿಡಿದುಕೊಂಡರೆ ಬಿಡಬೇಡಿ, ಸ್ವಲ್ಪ ಮೇಲಕ್ಕೆ ಎತ್ತಿ ಹಾಗೇ—