ಪೋಲು ಮಾಡದವರ ಕಟ್ಟಡ

ಕೌಂಟಿಯ ಇಂಧನ ಉಳಿತಾಯ ಸಾಲ ಯೋಜನೆಯ ಮಾನ್ಯ ಅಧಿಕಾರಿಗಳೇ,

ನಮ್ಮ ಕಟ್ಟಡದಲ್ಲಿ ಸಾಕಷ್ಟು ಗ್ಯಾಸ್ ಪೋಲಾಗುತ್ತಿಲ್ಲ ಎಂಬ ಕಾರಣಕ್ಕೆ ನೀವು ನಮ್ಮ ಅರ್ಜಿಯನ್ನು ತಿರಸ್ಕರಿಸಿದ್ದೀರಿ. ನಿಮ್ಮ ಉತ್ತರ ನನ್ನ ಗಂಡ ಉಪೇಂದ್ರ ಅವರ ಹೆಸರಿಗೆ ಬಂತು. ಅವರು ತೀರಿಕೊಂಡು ಆಗಿನ್ನೂ ತಿಂಗಳು ತುಂಬಿರಲಿಲ್ಲ. ಅವರ ಬದಲು ನಾನೇ ಓದಿದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ತಪ್ಪು ಓದಿರಬಹುದೆಂದು ಮತ್ತೊಮ್ಮೆ ಓದಿದೆ. ತಪ್ಪಿರಲಿಲ್ಲ.

ಈ ಪತ್ರ ಅಚ್ಚಾಗುವ ನಮ್ಮ ಕನ್ನಡ ಸಂಘದ ಪತ್ರಿಕೆ ಓದುವವರಿಗೆ ನಿಮ್ಮ ಯೋಜನೆ ಗೊತ್ತಿರಲಾರದು. ಹಳೆಯ ಅಂಗಡಿ, ಆಫೀಸು ಕಟ್ಟಡಗಳಿಗೆ ಒಳಗೆ ಬೆಚ್ಚಗಿಡುವ ಹೊಸ ಗ್ಯಾಸ್ ಬಾಯ್ಲರ್, ಗಾಳಿ ನುಗ್ಗದ ಕಿಟಕಿ, ಗೋಡೆಗೆ ಚಳಿ ತಡೆಯುವ ಇನ್ಸುಲೇಶನ್ ಹಾಕಿಸಲು ನೀವು ಸಾಲ ಕೊಡಿಸುತ್ತೀರಿ. ಅದನ್ನು ವರ್ಷವರ್ಷವೂ ಆಸ್ತಿ ತೆರಿಗೆಯ ಜೊತೆಗೇ ಕಟ್ಟಬೇಕು. ಮಾಲೀಕರು ಬದಲಾದರೆ ಸಾಲ ಕಟ್ಟಡದ ಜೊತೆ ಹೋಗುತ್ತದೆ. ಡಿಯರ್‌ಬಾರ್ನ್‌ನಲ್ಲಿ ಕಾರಿನ ಬಿಡಿಭಾಗಗಳ ಡ್ರಾಯಿಂಗ್ ಮಾಡಿ ರಿಟೈರ್ ಆದ ಉಪೇಂದ್ರ ಅವರಿಗೆ ತುಂಬ ಹಿಡಿಸಿದ್ದೇ ಅದು. “ನೋಡು ಅಂಬುಜಾ, ಇದು ಮನುಷ್ಯನ ಮೇಲಿನ ಸಾಲ ಅಲ್ಲ, ಗೋಡೆ ಮೇಲಿನ ಸಾಲ. ನಾಳೆ ನಾನಿಲ್ದೇ ಹೋದ್ರೂ ನಿನ್ ಹಿಂದೆ ಯಾರೂ ಬರಲ್ಲ” ಎಂದಿದ್ದರು. “ಬೆಳಗ್ಗೆ ಬೆಳಗ್ಗೆ ಎಂಥ ಮಾತು ರೀ, ಕಾಫಿ ಕುಡೀರಿ” ಎಂದು ಗದರಿದ್ದೆ.

ನಮ್ಮದು ಇಟ್ಟಿಗೆಯ ಸಣ್ಣ ಕಟ್ಟಡ. ಮುಂದೆ ನನ್ನ ಹೊಲಿಗೆ ಅಂಗಡಿ, ಹಿಂದೆ ರೇಣು ನಡೆಸುವ ಭರತನಾಟ್ಯದ ಕ್ಲಾಸು. ಆಕೆ ಕೊಡುವ ಬಾಡಿಗೆಯಿಂದಲೇ ಕಟ್ಟಡ ನಮ್ಮ ಕೈಯಲ್ಲಿ ಉಳಿದಿದೆ. ಉಪೇಂದ್ರ ಬಾಯ್ಲರಿನ ಬಿಸಿ ನಿಗದಿ ಮಾಡುವ ಥರ್ಮೋಸ್ಟಾಟಿನ ಮುಳ್ಳನ್ನು ಐವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್‌ಗೆ, ನಮ್ಮೂರ ಲೆಕ್ಕದಲ್ಲಿ ಹದಿನಾಲ್ಕಕ್ಕೆ, ತಿರುಗಿಸಿ ಮೇಲೆ ಟೇಪು ಅಂಟಿಸಿದ್ದರು. ಅವರಿಗೆ ಎರಡು ಸ್ವೆಟರು, ಮಂಕಿ ಕ್ಯಾಪು. ನನಗೆ ಶಾಲು, ಸೂಜಿ ಹಿಡಿಯಲೆಂದು ಬೆರಳ ತುದಿ ಕತ್ತರಿಸಿದ ಗ್ಲವ್ಸು. ಮಕ್ಕಳು ಮಾತ್ರ ಬರಿಗಾಲಲ್ಲೇ ಕುಣಿಯಬೇಕು. “ಅಂಕಲ್, ಇದು ಡಾನ್ಸ್ ಕ್ಲಾಸಾ, ಫ್ರಿಡ್ಜಾ?” ಎಂದು ರೇಣು ಕೇಳಿದರೆ, “ಇನ್ನೂ ಜೋರಾಗಿ ಕುಣಿಸಮ್ಮ, ಬೆಚ್ಚಗಾಗ್ತಾರೆ” ಎನ್ನುತ್ತಿದ್ದರು. ಆದರೂ ಆ ಮಕ್ಕಳ ಕಾಲು ನೋಡಿಯೇ ಅವರು ನಿಮಗೆ ಅರ್ಜಿ ಹಾಕಿದ್ದು.

ನೀವು ಕಳಿಸಿದ ಪರೀಕ್ಷಕರು ಬಂದರು. ಕಿಟಕಿಯ ಸಂದಿಯಲ್ಲಿ ಕೈಯಿಟ್ಟು ಗಾಳಿ ನೋಡಿದರು, ಬಾಯ್ಲರಿನ ವಯಸ್ಸು ಕೇಳಿ ತಲೆಯಾಡಿಸಿದರು. ಆಮೇಲೆ ಗ್ಯಾಸ್ ಬಿಲ್ಲು ನೋಡಿದರು, ಅಲ್ಲಿಗೆ ಮುಗಿಯಿತು. ಹೊಸದು ಹಾಕಿಸಿದ ಮೇಲೆ ಬಿಲ್ಲಿನಲ್ಲಿ ಆಗುವ ಉಳಿತಾಯ ಸಾಲದ ಕಂತಿಗಿಂತ ಹೆಚ್ಚಿರಬೇಕಂತೆ. ಬಿಲ್ಲೇ ಇಷ್ಟು ಕಡಿಮೆಯಿದ್ದರೆ ಉಳಿಸುವುದೇನನ್ನು? ಉರಿದ ಗ್ಯಾಸನ್ನು ಅಳೆದಿರಿ, ಸರಿ. ಉರಿಸದೆ ಸಹಿಸಿದ ಚಳಿಯನ್ನು ಯಾವ ಮೀಟರಿನಲ್ಲಿ ಅಳೆಯುತ್ತೀರಿ? ಓಕ್ ಬ್ರೂಕ್‌ನಲ್ಲಿರುವ ನಾದಿನಿಯ ಮನೆಗೆ ಹೋದಾಗೆಲ್ಲ ನೋಡಿದ್ದೇನೆ, ಭಾನುವಾರವೂ ಎಲ್ಲ ಮಹಡಿಗಳಲ್ಲಿ ದೀಪ ಉರಿಸಿಕೊಂಡು ನಿಂತಿರುವ ಖಾಲಿ ಗಾಜಿನ ಕಟ್ಟಡಗಳನ್ನು. ಅಂಥ ಪುಣ್ಯವಂತರು ಅರ್ಜಿ ಹಾಕಿದರೆ ನೀವು ಎದ್ದು ನಿಂತು ಸ್ವಾಗತಿಸುತ್ತೀರೇನೋ.

ಚಳಿಯಿಂದಲೇ ಅವರು ಹೋದರು ಎಂದು ನಾನು ಹೇಳುವುದಿಲ್ಲ. ಡಾಕ್ಟರೂ ಹೇಳಲಿಲ್ಲ. ಹೃದಯ ನಿಂತಿತು, ಅಷ್ಟೆ. ಆಗಲೂ ಮಂಕಿ ಕ್ಯಾಪು ತಲೆಯ ಮೇಲಿತ್ತು.

ಮಗಳು ಧೃತಿ ನಿಮ್ಮ ಕಚೇರಿಗೆ ಫೋನ್ ಮಾಡಿದಳು. ಇಟ್ಟ ಮೇಲೆ ನನ್ನ ಮುಖ ನೋಡದೆ, “ಅಮ್ಮಾ, ಹೀ ಸೇಸ್ ರನ್ ದ ಹೀಟ್ ನಾರ್ಮಲಿ ಫಾರ್ ಎ ಇಯರ್, ದೆನ್ ಅಪ್ಲೈ ಅಗೇನ್” ಎಂದಳು. ಒಂದು ವರ್ಷ ಚೆನ್ನಾಗಿ ಗ್ಯಾಸ್ ಸುಟ್ಟು ಮತ್ತೆ ಬನ್ನಿ ಎಂದರ್ಥ.

“ನಾರ್ಮಲ್ ಅಂದ್ರೆ ಎಷ್ಟಂತೆ?”

“ಸೆವೆಂಟಿ ಟೂ.”

“ನಿಮ್ಮಪ್ಪ ಇದ್ದಿದ್ರೆ ಅವನಿಗೇ ಒಂದು ಸ್ವೆಟರ್ ಕಳಿಸ್ತಿದ್ರು.”

ಇಬ್ಬರೂ ನಕ್ಕೆವು. ಧೃತಿ ಬೇಗ ನಿಲ್ಲಿಸಿದಳು.

ರೇಣು ಕೂಡ ಹೇಳಿಯಾಗಿದೆ: “ಸಾರಿ ಆಂಟಿ, ಪೇರೆಂಟ್ಸ್ ಕಂಪ್ಲೇಂಟ್ ಮಾಡ್ತಿದಾರೆ. ಈ ವಿಂಟರ್ ನೋಡ್ತೀನಿ, ಆಮೇಲೆ ಬೇರೆ ಜಾಗ.” ಆಕೆ ಹೋದರೆ ಕಟ್ಟಡ ಮಾರುವುದೇ. ಕೊಳ್ಳುವವರು ಗ್ಯಾಸ್ ಸುಡುವುದರಲ್ಲಿ ಧಾರಾಳಿಗಳಾಗಿದ್ದರೆ ನಿಮ್ಮ ಸಾಲ ಅವರಿಗೆ ಸಿಗಬಹುದು.

ನನ್ನ ಬೇಡಿಕೆ ಇಷ್ಟೇ. ಲೆಕ್ಕವನ್ನು ನಮ್ಮ ಬಿಲ್ಲಿನಿಂದಲ್ಲ, ನಿಮ್ಮದೇ ಆ ಎಪ್ಪತ್ತೆರಡು ಡಿಗ್ರಿಯಿಂದ ಶುರು ಮಾಡಿ. ಅದಾಗದಿದ್ದರೆ ಜನವರಿಯ ಒಂದು ಮಧ್ಯಾಹ್ನ ಬಂದು, ಶೂ ಬಿಚ್ಚಿಟ್ಟು, ರೇಣುವಿನ ಕ್ಲಾಸು ಮುಗಿಯುವವರೆಗೆ ನಿಂತುಕೊಳ್ಳಿ. ನೀವು ಬರುವುದಿಲ್ಲ. ಕನ್ನಡದಲ್ಲಿ ಬರೆದದ್ದನ್ನು ನೀವು ಓದುವುದೂ ಇಲ್ಲ.

ನಿಮ್ಮ ಸಲಹೆಯನ್ನೂ ಪಾಲಿಸಿ ನೋಡಿದೆ. ಈ ಸೋಮವಾರ ಟೇಪು ಕಿತ್ತು, ಮುಳ್ಳನ್ನು ಎಪ್ಪತ್ತೆರಡಕ್ಕೆ ತಿರುಗಿಸಿ ಹೊಲಿಯಲು ಕುಳಿತೆ. ಸಂಜೆ ಬಾಗಿಲು ಹಾಕುವಾಗ ನೋಡಿದರೆ ಮುಳ್ಳು ಮತ್ತೆ ಐವತ್ತೆಂಟರಲ್ಲಿತ್ತು. ಕ್ಲಾಸಿಗೆ ರಜೆ. ಕಟ್ಟಡದಲ್ಲಿ ನನ್ನನ್ನು ಬಿಟ್ಟು ಇಡೀ ದಿನ ಯಾರೂ ಇರಲಿಲ್ಲ.

ಇಂತಿ,
ನಿಮ್ಮ ಸಾಲಕ್ಕೆ ಈ ಜನ್ಮದಲ್ಲಿ ಅರ್ಹಳಾಗಲಾರದ
ಅಂಬುಜಾ ಉಪೇಂದ್ರ
ನಾರ್ತ್‌ವಿಲ್